ಟೈಮಿಂಗ್ ಬೆಲ್ಟ್ ತುಂಡಾದರೆ ಸೆಲ್ಫ್ ಹೊಡೆಯಬೇಡಿ

ಆನೇಕಲ್, ಸರ್ಜಾಪುರ, ಹೊಸಕೋಟೆ, ನೆಲಮಂಗಲ ಕಡೆಯ ಹಳ್ಳಿಗಳಲ್ಲಿ ಎತ್ತಿನ ಗಾಡಿ ನಿಲ್ಲುತ್ತಿದ್ದ ಜಾಗದಲ್ಲಿ ಈಗ ಟಾಟಾ ಏಸ್, ಹಳೆಯ ಓಮ್ನಿ, ಇಲ್ಲವೇ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯ ನೌಕರರಿಂದ ಕೊಂಡ ಸೆಕೆಂಡ್ ಹ್ಯಾಂಡ್ ಕಾರು ನಿಂತಿರುತ್ತದೆ. ಸಿಂಗೇನ ಅಗ್ರಹಾರದ ಹಣ್ಣಿನ ಮಾರುಕಟ್ಟೆಗೋ ದಾಸನಪುರದ ಮಂಡಿಗೋ ಮಾಲು ಸಾಗಿಸುವಾಗ ಇಂಥ ಗಾಡಿ ನಡುರಸ್ತೆಯಲ್ಲಿ ಏಕಾಏಕಿ ನಿಂತರೆ ನಾಲ್ಕು ಜನ ಸೇರಿ ತಳ್ಳುವುದು ನಮ್ಮಲ್ಲಿ ರೂಢಿ. ಆದರೆ ನಿಂತದ್ದು ಟೈಮಿಂಗ್ ಬೆಲ್ಟ್ ತುಂಡಾಗಿದ್ದರಿಂದಾದರೆ, ಹಾಗೆ ತಳ್ಳುವುದರಿಂದಲೇ ಎಂಜಿನ್ ಹೆಚ್ಚು ಹಾಳಾದೀತು. ಬೆಲ್ಟ್ ಬದಲಾಯಿಸುವಷ್ಟರಲ್ಲಿ ಮುಗಿಯುವ ಕೆಲಸ ಎಂಜಿನ್ ಬಿಚ್ಚಿ ಕಟ್ಟುವವರೆಗೆ ಹೋಗಬಹುದು. ಆದ್ದರಿಂದ ದೋಷವನ್ನು ಕ್ರಮವಾಗಿ ಪತ್ತೆ ಹಚ್ಚುವ ವಿಧಾನವನ್ನು ತಿಳಿದಿರುವುದು ಒಳ್ಳೆಯದು.

ಬೆಲ್ಟಿನ ಕೆಲಸವೇನು?

ಎಂಜಿನ್ನಿನ ಕೆಳಗಿರುವ ಕ್ರ್ಯಾಂಕ್ ಶಾಫ್ಟ್ ಪಿಸ್ಟನ್ನುಗಳನ್ನು ಮೇಲೆ ಕೆಳಗೆ ಆಡಿಸುತ್ತದೆ. ಮೇಲಿರುವ ಕ್ಯಾಮ್ ಶಾಫ್ಟ್ ವಾಲ್ವುಗಳನ್ನು ತೆರೆದು ಮುಚ್ಚುತ್ತದೆ. ಕ್ರ್ಯಾಂಕ್ ಎರಡು ಸುತ್ತು ಸುತ್ತಿದಾಗ ಕ್ಯಾಮ್ ಸರಿಯಾಗಿ ಒಂದು ಸುತ್ತು ಸುತ್ತಬೇಕು. ಜೋಡಿ ಎತ್ತುಗಳು ಹೆಜ್ಜೆ ತಪ್ಪದಂತೆ ನೊಗ ಹಿಡಿದಿಡುವ ಹಾಗೆ, ಇವೆರಡನ್ನೂ ಹೊಂದಿಸಿಡುವುದು ಹಲ್ಲುಗಳಿರುವ ರಬ್ಬರಿನ ಟೈಮಿಂಗ್ ಬೆಲ್ಟ್. ಹೊರಗೆ ಕಾಣುವ ಫ್ಯಾನ್ ಬೆಲ್ಟ್ ಬೇರೆ, ಮುಚ್ಚಳದ ಒಳಗಿರುವ ಈ ಬೆಲ್ಟ್ ಬೇರೆ.

ನಿಮ್ಮ ಟ್ರ್ಯಾಕ್ಟರಿನಲ್ಲಿ ಸಾಮಾನ್ಯವಾಗಿ ಈ ಕೆಲಸವನ್ನು ಉಕ್ಕಿನ ಗೇರುಗಳು ಮಾಡುತ್ತವೆ. ಹೀಗಾಗಿ ಅಲ್ಲಿ ಈ ಚಿಂತೆಯಿಲ್ಲ. ಸ್ವಿಫ್ಟ್ ಡೀಸೆಲ್ ಕಾರಿನಲ್ಲಿ ಚೈನ್ ಇದೆ. ಮಾರುತಿ 800, ಓಮ್ನಿ, ಹಳೆಯ ಸ್ಯಾಂಟ್ರೊ, ಇಂಡಿಕಾ ಡೀಸೆಲ್, 2005ರಲ್ಲಿ ಬಂದ ಎರಡು ಸಿಲಿಂಡರಿನ ಟಾಟಾ ಏಸ್ ಡೀಸೆಲ್, ಡಸ್ಟರ್ ಡೀಸೆಲ್ ಇವುಗಳಲ್ಲಿ ಇರುವುದು ಬೆಲ್ಟ್. ನಿಮ್ಮ ಗಾಡಿಯಲ್ಲಿ ಏನಿದೆ ಎಂಬುದನ್ನು ಕೈಪಿಡಿ ನೋಡಿ ಇಂದೇ ಖಚಿತಪಡಿಸಿಕೊಳ್ಳಿ.

ಬೆಲ್ಟ್ ತುಂಡಾದಾಗ ಕ್ಯಾಮ್ ನಿಂತುಬಿಡುತ್ತದೆ. ಕೆಲವು ವಾಲ್ವುಗಳು ತೆರೆದೇ ಉಳಿಯುತ್ತವೆ. ಪಿಸ್ಟನ್ನುಗಳು ಮಾತ್ರ ವೇಗದಿಂದ ಮೇಲೆ ಬರುತ್ತಲೇ ಇರುತ್ತವೆ. ಕೆಲವು ಪೆಟ್ರೋಲ್ ಎಂಜಿನ್ನುಗಳಲ್ಲಿ ಇವೆರಡರ ನಡುವೆ ಸಾಕಷ್ಟು ಜಾಗವಿರುವುದರಿಂದ ಏನೂ ಆಗುವುದಿಲ್ಲ. ಹೊಸ ಬೆಲ್ಟ್ ಹಾಕಿದರೆ ಸಾಕು. ಡೀಸೆಲ್ ಎಂಜಿನ್ನಿನಲ್ಲಿ ಗಾಳಿಯನ್ನು ಬಹಳ ಒತ್ತಬೇಕಾದ್ದರಿಂದ ಜಾಗ ತೀರ ಕಡಿಮೆ. ಅಲ್ಲಿ ಪಿಸ್ಟನ್ ವಾಲ್ವಿಗೆ ಬಡಿದು ವಾಲ್ವ್ ಬಾಗುವುದೇ ಹೆಚ್ಚು. ರಾಕರ್ ಇರುವ ಕೆಲವು ಎಂಜಿನ್ನುಗಳಲ್ಲಿ ಮೊದಲು ರಾಕರ್ ಮುರಿದು ವಾಲ್ವ್ ಉಳಿದುಕೊಳ್ಳುವುದೂ ಉಂಟು.

ರಸ್ತೆಯಲ್ಲಿ ಗುರುತಿಸುವುದು ಹೇಗೆ?

ಡೀಸೆಲ್ ಮುಗಿದರೆ ಅಥವಾ ಪೈಪಿನಲ್ಲಿ ಗಾಳಿ ಸೇರಿದರೆ ಎಂಜಿನ್ ಸಾಮಾನ್ಯವಾಗಿ ಮುಗ್ಗರಿಸಿ, ಎಳೆತ ಕಳೆದುಕೊಂಡು ನಿಲ್ಲುತ್ತದೆ. ಬೆಲ್ಟ್ ತುಂಡಾದರೆ ದೀಪ ಆರಿಸಿದ ಹಾಗೆ ತಟ್ಟನೆ ನಿಲ್ಲುತ್ತದೆ. ಆಗ ಬ್ರೇಕು ಗಟ್ಟಿಯಾಗುತ್ತದೆ, ಪವರ್ ಸ್ಟಿಯರಿಂಗ್ ಇದ್ದರೆ ಅದೂ ಭಾರವಾಗುತ್ತದೆ. ಗಾಬರಿಯಾಗದೆ ಬಲವಾಗಿ ಬ್ರೇಕ್ ತುಳಿದು ಗಾಡಿಯನ್ನು ರಸ್ತೆಯ ಅಂಚಿಗೆ ತನ್ನಿ.

ನಿಲ್ಲುವ ಮುನ್ನ ಏನೂ ಸೂಚನೆಯಿಲ್ಲದೆ ತಟ್ಟನೆ ನಿಂತಿದ್ದರೆ ಸೆಲ್ಫ್ ಹೊಡೆಯಲು ಹೋಗಬೇಡಿ. ತಿಳಿಯದೆ ಈಗಾಗಲೇ ಒಮ್ಮೆ ಹೊಡೆದಿದ್ದರೆ ಆ ಶಬ್ದವನ್ನು ನೆನಪಿಸಿಕೊಳ್ಳಿ. ಸರಿಯಿರುವ ಎಂಜಿನ್ ಬಿಗಿಯಾಗಿ, ಲಯಬದ್ಧವಾಗಿ ಏದುಸಿರು ಬಿಟ್ಟಂತೆ ತಿರುಗುತ್ತದೆ. ಬೆಲ್ಟ್ ಹೋದ ಎಂಜಿನ್ ಹಗುರಾಗಿ, ತಡೆಯಿಲ್ಲದೆ ಸರ್ರನೆ ಸುತ್ತುತ್ತದೆ. ಅಂಥ ಶಬ್ದ ಬಂದಿದ್ದರೆ ಅಲ್ಲಿಗೇ ನಿಲ್ಲಿಸಬೇಕು. ಗೇರಿನಲ್ಲಿಟ್ಟು ತಳ್ಳಲೂ ಬಾರದು. ನ್ಯೂಟ್ರಲಿನಲ್ಲಿಟ್ಟು ಎಳೆಸಿಕೊಂಡು ಹೋಗಿ. ಮಾಲನ್ನು ಬೇರೆ ಗಾಡಿಗೆ ಹಾಕಿ ಕಳುಹಿಸಿ.

ಗ್ಯಾರೇಜಿನಲ್ಲಿ ಪರೀಕ್ಷೆಯ ಕ್ರಮ

1. ಮೊದಲು ಬೆಲ್ಟಿನ ಮೇಲ್ಮುಚ್ಚಳ ತೆಗೆಸಿ ನೋಡಿ. ಬೆಲ್ಟ್ ಇದ್ದ ಹಾಗೇ ಕಂಡರೂ ನಂಬಬಾರದು. ಕೆಳಗಿನ ಚಿಕ್ಕ ಚಕ್ರದ ಬಳಿ ಹಲ್ಲುಗಳು ಮಾತ್ರ ಕಿತ್ತುಹೋಗಿರಬಹುದು. ಕ್ರ್ಯಾಂಕ್ ಪುಲ್ಲಿಯನ್ನು ಸ್ಪ್ಯಾನರಿನಿಂದ ಕೈಯಲ್ಲೇ ಸ್ವಲ್ಪ ತಿರುಗಿಸಿದಾಗ ಕ್ಯಾಮ್ ಚಕ್ರ ಅಲುಗದಿದ್ದರೆ ದೋಷ ಖಚಿತ. ತಡೆ ಸಿಕ್ಕಿದರೆ ಒತ್ತಾಯ ಮಾಡಬಾರದು.

2. ಬೆಲ್ಟ್ ಏಕೆ ಹೋಯಿತೆಂದು ತಿಳಿಯಿರಿ. ಟೆನ್ಷನರ್ ಬೇರಿಂಗ್ ಬಿಗಿಹಿಡಿದಿರಬಹುದು, ಬೆಲ್ಟಿನಿಂದಲೇ ತಿರುಗುವ ವಾಟರ್ ಪಂಪ್ ಕಚ್ಚಿಕೊಂಡಿರಬಹುದು, ಸೀಲಿನಿಂದ ಆಯಿಲ್ ಸೋರಿ ರಬ್ಬರು ಮೆತ್ತಗಾಗಿರಬಹುದು. ಕ್ಯಾಮ್ ಶಾಫ್ಟೇ ಹಿಡಿದುಕೊಂಡಿದ್ದರೂ ಬೆಲ್ಟ್ ಹರಿಯುತ್ತದೆ. ಕಾರಣ ಸರಿಪಡಿಸದೆ ಹಾಕಿದ ಹೊಸ ಬೆಲ್ಟ್ ಹೆಚ್ಚು ದಿನ ಬಾಳದು.

3. ಹೊಸ ಬೆಲ್ಟ್ ಹಾಕುವ ಮುನ್ನ ಯಾವ ಪಿಸ್ಟನ್ನೂ ಮೇಲಿನ ತುದಿಯಲ್ಲಿರದಂತೆ ಕ್ರ್ಯಾಂಕನ್ನು ಇಟ್ಟು, ಆನಂತರ ಕ್ಯಾಮನ್ನು ಗುರುತಿಗೆ ತಿರುಗಿಸಬೇಕು. ಬಳಿಕ ಕ್ರ್ಯಾಂಕನ್ನು ಅದರ ಗುರುತಿಗೆ ತರಬೇಕು. ಬೆಲ್ಟಿನಿಂದಲೇ ಡೀಸೆಲ್ ಪಂಪ್ ತಿರುಗುವ ಎಂಜಿನ್ನಿನಲ್ಲಿ ಪಂಪಿನ ಗುರುತೂ ಕೂಡಬೇಕು.

4. ಬೆಲ್ಟ್ ಹಾಕಿ ಬಿಗಿಮಾಡಿದ ಮೇಲೆ ಎಂಜಿನ್ ತಿರುಗುವ ದಿಕ್ಕಿನಲ್ಲೇ ಕ್ರ್ಯಾಂಕನ್ನು ಕೈಯಿಂದ ಪೂರ್ತಿ ಎರಡು ಸುತ್ತು ತಿರುಗಿಸಬೇಕು. ಎಲ್ಲಿಯಾದರೂ ಗಟ್ಟಿಯಾಗಿ ತಾಕಿದರೆ ಗುರುತು ತಪ್ಪಿದೆ ಅಥವಾ ಒಳಗೆ ಏನೋ ಬಾಗಿದೆ. ಈ ಪರೀಕ್ಷೆ ಮುಗಿಯುವ ಮೊದಲು ಸೆಲ್ಫ್ ಮುಟ್ಟಬಾರದು.

5. ಆಮೇಲೆ ಕಂಪ್ರೆಷನ್ ಅಳೆಯಿಸಿ. ಪೆಟ್ರೋಲ್ ಎಂಜಿನ್ನಿನಲ್ಲಿ ಇದು ಸಾಮಾನ್ಯವಾಗಿ ಚದರ ಸೆಂ.ಮೀ.ಗೆ 10ರಿಂದ 14 ಕಿ.ಗ್ರಾಂ. ಇರುತ್ತದೆ; ಡೀಸೆಲಿನಲ್ಲಿ ಸುಮಾರಾಗಿ ಇದರ ಎರಡು ಪಟ್ಟು ಅಥವಾ ಹೆಚ್ಚು, ಅದಕ್ಕೆ ಬೇರೆ ಗೇಜೇ ಬೇಕು. ಒಂದು ಸಿಲಿಂಡರಿನಲ್ಲಿ ಸೊನ್ನೆ ಅಥವಾ ಉಳಿದವಕ್ಕಿಂತ ತೀರ ಕಡಿಮೆ ಬಂದರೆ ಅದರ ವಾಲ್ವ್ ಬಾಗಿರುವ ಸಂಭವವೇ ಹೆಚ್ಚು. ಪೆಟ್ರೋಲ್ ಎಂಜಿನ್ನಾದರೆ ಪ್ಲಗ್ ತೂತಿನಲ್ಲಿ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆಯಬಹುದು. ಏರಿದರೆ ರಿಂಗ್ ಸವೆದಿದೆ. ಏರದಿದ್ದರೆ ದೋಷ ವಾಲ್ವಿನದು.

6. ಇನ್ನೂ ಸಂಶಯವಿದ್ದರೆ ಟೈರಿಗೆ ಗಾಳಿ ಹಾಕುವ ಕಂಪ್ರೆಸರ್ ಉಪಯೋಗಕ್ಕೆ ಬರುತ್ತದೆ. ಆ ಸಿಲಿಂಡರಿನ ಎರಡು ವಾಲ್ವುಗಳೂ ಮುಚ್ಚಿರಬೇಕಾದ ಸ್ಥಿತಿಯಲ್ಲಿಟ್ಟು, ಎಂಜಿನ್ ತಿರುಗದಂತೆ ಹಿಡಿದು, ಒಳಗೆ ಗಾಳಿ ಬಿಟ್ಟು ಕಿವಿಗೊಡಬೇಕು. ಏರ್ ಫಿಲ್ಟರ್ ಕಡೆ ಬುಸ್ಸೆಂದರೆ ಒಳವಾಲ್ವ್, ಸೈಲೆನ್ಸರಿನಲ್ಲಿ ಬಂದರೆ ಹೊರವಾಲ್ವ್ ಬಾಗಿದೆ. ಆಯಿಲ್ ಮುಚ್ಚಳದಲ್ಲಿ ಜೋರಾಗಿ ಬಂದರೆ ರಿಂಗ್ ಅಥವಾ ಪಿಸ್ಟನ್, ರೇಡಿಯೇಟರಿನಲ್ಲಿ ಗುಳ್ಳೆ ಎದ್ದರೆ ಹೆಡ್ ಗ್ಯಾಸ್ಕೆಟ್.

ಈ ಪರೀಕ್ಷೆಗಳು ಮುಗಿಯುವ ಮೊದಲೇ ಯಾರಾದರೂ ‘ಎಂಜಿನ್ ಹೋಯಿತು, ಬೇರೆ ಹಾಕಿಸಿ’ ಎಂದರೆ ಒಪ್ಪಬೇಡಿ. ಹಾಗೆಯೇ ‘ಬೆಲ್ಟ್ ಹಾಕಿ ಹೊಡೆದು ನೋಡೋಣ’ ಎಂದರೂ ಒಪ್ಪಬೇಡಿ.

ಹೆಡ್ ಇಳಿಸಲೇಬೇಕಾದರೆ

ಬಾಗಿದ ವಾಲ್ವನ್ನು ನೆಟ್ಟಗೆ ಮಾಡಿ ಮತ್ತೆ ಹಾಕುವುದು ಅಪಾಯ. ಅದರ ತಲೆ ಮುರಿದು ಸಿಲಿಂಡರಿಗೆ ಬಿದ್ದರೆ ಎಂಜಿನ್ ಪೂರ್ತಿ ನಾಶ. ಹೊಸದನ್ನೇ ಹಾಕಿಸಿ. ವಾಲ್ವ್ ಗೈಡ್ ಬಿರುಕು ಬಿಟ್ಟಿದೆಯೇ, ರಾಕರ್ ಮತ್ತು ಕ್ಯಾಮ್ ಸರಿಯಿವೆಯೇ, ಪಿಸ್ಟನ್ ತಲೆಯಲ್ಲಿ ಸೀಳು ಇದೆಯೇ ಎಂದು ನೋಡಬೇಕು. ಮೇಲ್ಮೈಯಲ್ಲಿ ಸಣ್ಣ ಗುರುತಿದ್ದರೆ ಸಾಮಾನ್ಯವಾಗಿ ಭಯವಿಲ್ಲ. ಹೆಡ್ ಸಮತಟ್ಟಾಗಿದೆಯೇ ಎಂದು ಲೇತ್ ಕೆಲಸದವರಲ್ಲಿ ಅಳೆಯಿಸಿ. ಪೀಣ್ಯದ ಕಡೆ ಇಂಥ ಯಂತ್ರಗಳಿರುವ ಅಂಗಡಿಗಳು ಬೇಕಾದಷ್ಟಿವೆ. ಗ್ಯಾಸ್ಕೆಟ್ ಹೊಸದಾಗಿರಬೇಕು. ತೆಗೆದ ಹಳೆಯ ಭಾಗಗಳನ್ನು ಕೇಳಿ ಪಡೆದು ನೋಡಿ.

ಕೆಲಸವಾದ ಮೇಲೆ ಎಂಜಿನ್ ಹೊರಟರೂ ನಡುಗುತ್ತಿದ್ದರೆ, ಎಳೆತ ಕಡಿಮೆಯಿದ್ದರೆ, ಬೆಲ್ಟ್ ಒಂದು ಹಲ್ಲು ತಪ್ಪಿ ಕೂತಿರಬಹುದು ಅಥವಾ ಒಂದು ವಾಲ್ವ್ ಸ್ವಲ್ಪ ಬಾಗಿ ಉಳಿದಿರಬಹುದು. ಎಲ್ಲ ವಾಲ್ವುಗಳು ಸರಿಯಿದ್ದೂ ಒಂದು ಸಿಲಿಂಡರ್ ದುರ್ಬಲವಾಗಿ ಬಡಿತ ಕೇಳಿದರೆ ಕನೆಕ್ಟಿಂಗ್ ರಾಡ್ ಬಾಗಿರುವುದನ್ನು ಪರೀಕ್ಷಿಸಬೇಕು. ‘ಓಡಿಸುತ್ತಾ ಸರಿಹೋಗುತ್ತದೆ’ ಎಂಬ ಮಾತು ಇಲ್ಲಿ ಸಲ್ಲದು.

ಮೀಟರನ್ನೇ ನಂಬಬೇಡಿ

ಬೆಲ್ಟನ್ನು ಎಷ್ಟು ಕಿ.ಮೀ. ಅಥವಾ ಎಷ್ಟು ವರ್ಷಕ್ಕೆ ಬದಲಾಯಿಸಬೇಕೆಂದು ಕೈಪಿಡಿಯಲ್ಲಿ ಹೇಳಿರುತ್ತದೆ. ಯಾವುದು ಮೊದಲು ಬರುವುದೋ ಅದನ್ನು ಪಾಲಿಸಬೇಕು. ಆದರೆ ನಗರದ ಅಂಚಿನ ಗಾಡಿಗಳಿಗೆ ಮತ್ತೊಂದು ಲೆಕ್ಕವಿದೆ. ಸಿಲ್ಕ್ ಬೋರ್ಡ್ ಬಳಿಯೋ ವೈಟ್‌ಫೀಲ್ಡ್ ರಸ್ತೆಯಲ್ಲೋ ಒಂದು ಗಂಟೆ ಸಿಕ್ಕಿಕೊಂಡ ಗಾಡಿ ಮೀಟರಿನಲ್ಲಿ ನಾಲ್ಕೈದು ಕಿ.ಮೀ. ಮಾತ್ರ ತೋರಿಸಬಹುದು. ಆದರೆ ನಿಮಿಷಕ್ಕೆ 800 ಸುತ್ತಿನಂತೆ ನಿಂತಲ್ಲೇ ಓಡಿದರೂ ಎಂಜಿನ್ ಆ ಗಂಟೆಯಲ್ಲಿ 48,000 ಸುತ್ತು ಸುತ್ತಿರುತ್ತದೆ. ಬೆಲ್ಟ್ ಅಷ್ಟು ಹೊತ್ತೂ ಬಿಸಿಯಲ್ಲಿ ದುಡಿದಿರುತ್ತದೆ. ಹಾಗಾಗಿ ‘ಕಡಿಮೆ ಓಡಿದ ಕಾರು’ ಎಂದು ಅಲ್ಲಿಂದ ಕೊಂಡು ತರುವವರು, ಬೆಲ್ಟ್ ಬದಲಾಯಿಸಿದ ರಸೀದಿ ಇಲ್ಲದಿದ್ದರೆ ಅದು ಹಳೆಯದೆಂದೇ ಭಾವಿಸಿ ಮೊದಲ ತಿಂಗಳಲ್ಲೇ ಹೊಸದು ಹಾಕಿಸುವುದು ಕ್ಷೇಮ. ಜೊತೆಗೆ ಟೆನ್ಷನರ್ ಬೇರಿಂಗನ್ನೂ, ಬೆಲ್ಟಿನಿಂದ ತಿರುಗುವ ವಾಟರ್ ಪಂಪಿದ್ದರೆ ಅದನ್ನೂ ಬದಲಾಯಿಸಿ. ಬದಲಾಯಿಸಿದ ದಿನಾಂಕ ಮತ್ತು ಕಿ.ಮೀ. ಎರಡನ್ನೂ ಬಣ್ಣದಲ್ಲಿ ಮುಚ್ಚಳದ ಮೇಲೆ ಬರೆಸಿಡಿ.

ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿ ಫಲವಿಲ್ಲ. ಸುಗ್ಗಿಯ ಓಡಾಟ ಶುರುವಾಗುವ ಮುನ್ನವೇ ಮುಚ್ಚಳ ತೆಗೆಸಿ, ಬೆಲ್ಟಿನಲ್ಲಿ ಬಿರುಕು, ಆಯಿಲ್ ಕಲೆ, ಕಿತ್ತ ಹಲ್ಲು ಇದೆಯೇ ಎಂದು ನೋಡಿಸಿಬಿಡಿ. ಅರ್ಧ ದಿನದ ಈ ಕೆಲಸ ನಿಮ್ಮ ಗಾಡಿಯನ್ನೂ ಮಾಲನ್ನೂ ಉಳಿಸೀತು.