ಮುಂಗಾರು ನೋಡಿ ಕ್ರೀಟ್‌ಗೆ ಟಿಕೆಟ್

ಮೆಡಿಟರೇನಿಯನ್ ಸಮುದ್ರದ ದೊಡ್ಡ ದ್ವೀಪಗಳು ಐದು. ಸಿಸಿಲಿ, ಸಾರ್ಡೀನಿಯಾ ಇಟಲಿಯವು, ಸೈಪ್ರಸ್ ತಾನೇ ಒಂದು ದೇಶ, ಕಾರ್ಸಿಕಾ ಫ್ರಾನ್ಸಿನದು, ಕ್ರೀಟ್ ಗ್ರೀಸಿನದು. ವಿಸ್ತಾರದ ಕ್ರಮವೂ ಇದೇ. ಈ ಅಧ್ಯಾಯಕ್ಕೆ ಐದನೆಯದನ್ನು ಆರಿಸಿಕೊಂಡಿದ್ದೇನೆ. ಅದಕ್ಕೊಂದು ಬಳ್ಳಾರಿಯ ಕಾರಣವುಂಟು. ಹರಪನಹಳ್ಳಿ ಮರಳಿ ಸೇರುವ ಮೊದಲಿನ, ಹೊಸಪೇಟೆ, ಹಡಗಲಿ, ಕೂಡ್ಲಿಗಿ ಎಲ್ಲ ಒಳಗಿದ್ದ ಹಳೆಯ ಬಳ್ಳಾರಿ ಜಿಲ್ಲೆಯ ವಿಸ್ತಾರ ಸುಮಾರು 8,450 ಚದರ ಕಿ.ಮೀ. ಕ್ರೀಟ್‌ನದು ಸುಮಾರು 8,300. ಹೆಚ್ಚುಕಡಿಮೆ ಅಷ್ಟಕ್ಕಷ್ಟೇ.

ಬಳ್ಳಾರಿಯ ಗಾಂಧಿನಗರದಲ್ಲಿ ಈ ವಿಷಯ ತೆಗೆದರೆ ಮೊದಲು ಬರುವ ಪ್ರಶ್ನೆ, "ದ್ವೀಪ ಅಂದ್ರ ಎಷ್ಟಿರ್ತೈತ್ರೀ, ಎರಡು ದಿನ ಸಾಕಲ್ಲ?" ಎಂಬುದು. ದ್ವೀಪವೆಂದರೆ ಮಲ್ಪೆಯಿಂದ ದೋಣಿ ಹತ್ತಿ ಹೋಗಿ ಸಂಜೆಯೊಳಗೆ ವಾಪಸಾಗುವ ಸೇಂಟ್ ಮೇರೀಸ್ ಎಂದೇ ನಮ್ಮ ಕಲ್ಪನೆ. ಹಳೆಯ ಬಳ್ಳಾರಿ ಜಿಲ್ಲೆಯನ್ನು ಎರಡು ದಿನದಲ್ಲಿ ನೋಡಿ ಮುಗಿಸುತ್ತೀರಾ ಎಂದು ತಿರುಗಿ ಕೇಳಿದರೆ ಎಲ್ಲರೂ ನಗುತ್ತಾರೆ. ಕ್ರೀಟ್ ಪೂರ್ವ–ಪಶ್ಚಿಮವಾಗಿ 260 ಕಿ.ಮೀ. ಉದ್ದ, ಅಗಲ ಒಂದು ಕಡೆ 60, ಇನ್ನೊಂದು ಕಡೆ ಬರೀ 12. ಆ ಉದ್ದಕ್ಕೂ ಬೆನ್ನೆಲುಬಿನಂತೆ ಬೆಟ್ಟಸಾಲು. ಅತಿ ಎತ್ತರದ ಪ್ಸಿಲೊರಿಟಿಸ್ 2,456 ಮೀಟರ್. ನಮ್ಮ ಮುಳ್ಳಯ್ಯನಗಿರಿಗಿಂತ ಐನೂರು ಮೀಟರ್ ಮೇಲೆ. ಮುಖ್ಯ ರಸ್ತೆ, ಊರುಗಳು, ವಿಮಾನ ನಿಲ್ದಾಣಗಳು ಬಹುಪಾಲು ಉತ್ತರ ದಂಡೆಯಲ್ಲಿವೆ. ದಕ್ಷಿಣ ದಂಡೆಗೆ ಬೆಟ್ಟ ದಾಟಿಯೇ ಹೋಗಬೇಕು. ನಕ್ಷೆಯಲ್ಲಿ ಗೇಣುದ್ದ ಕಾಣುವ ದಾರಿ ತಿರುವುಗಳಲ್ಲಿ ಅರ್ಧ ದಿನ ತಿನ್ನುತ್ತದೆ. ಹಾಗಾಗಿ ಒಂಬತ್ತು ರಾತ್ರಿಗಳಿದ್ದರೆ ತಂಗಲು ಎರಡೇ ಊರು ಇಟ್ಟುಕೊಳ್ಳಿ: ಪಶ್ಚಿಮಕ್ಕೆ ಹಾನಿಯಾ, ಮಧ್ಯಕ್ಕೆ ಇರಾಕ್ಲಿಯೊ. ಇವೆರಡರ ನಡುವೆ ಸುಮಾರು 140 ಕಿ.ಮೀ. ದಿನಕ್ಕೊಂದು ಹೋಟೆಲ್ ಬದಲಿಸುವವರು ಪೆಟ್ಟಿಗೆ ಕಟ್ಟಿ ಬಿಚ್ಚುವುದರಲ್ಲೇ ರಜೆ ಕಳೆಯುತ್ತಾರೆ.

ಕಾಗದಪತ್ರದ ವಿಷಯವನ್ನು ಬೇಗ ಮುಗಿಸೋಣ. ಗ್ರೀಸ್‌ಗೆ ಬೇಕಾದದ್ದು ಷೆಂಗೆನ್ ವೀಸಾ. ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳಿಗಿಂತ ಮುಂಚೆ ಕೊಡುವಂತಿಲ್ಲ, ಹದಿನೈದು ದಿನಕ್ಕಿಂತ ಕಡಿಮೆ ಉಳಿದಾಗಲೂ ಕೊಡುವಂತಿಲ್ಲ. 2024ರ ಜೂನ್‌ನಿಂದ ದೊಡ್ಡವರ ಶುಲ್ಕ 90 ಯೂರೊ. ವೈದ್ಯಕೀಯ ವಿಮೆ ಕನಿಷ್ಠ 30,000 ಯೂರೊದ್ದಾಗಿರಬೇಕು. ಪಾಸ್‌ಪೋರ್ಟ್‌ಗೆ ನೀವು ಅಲ್ಲಿಂದ ಹೊರಟ ಮೇಲೂ ಮೂರು ತಿಂಗಳು ಜೀವವಿರಬೇಕು. ಇಟಲಿಯನ್ನೂ ಸೇರಿಸಿಕೊಂಡರೆ, ಹೆಚ್ಚು ದಿನ ಎಲ್ಲಿ ಇರುತ್ತೀರೋ ಆ ದೇಶಕ್ಕೇ ಅರ್ಜಿ. ದಿನಗಳು ಸಮವಾದರೆ ಮೊದಲು ಕಾಲಿಡುವ ದೇಶಕ್ಕೆ. ಕಾರು ಬಾಡಿಗೆಗೆ ಪಡೆಯುವವರು ನಮ್ಮ ಆರ್‌ಟಿಒ ಕೊಡುವ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿಕೊಳ್ಳಲಿ. ಅದರ ಅವಧಿ ಒಂದು ವರ್ಷ. ಅಲ್ಲಿ ರಸ್ತೆಯ ಬಲಗಡೆ ಓಡಿಸಬೇಕು. ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರು ಸೇರಿ, ದುಬೈಯಲ್ಲೋ ದೋಹಾದಲ್ಲೋ ವಿಮಾನ ಬದಲಿಸಿ ಅಥೆನ್ಸ್ ಮುಟ್ಟಿದರೆ, ಮುಂದೆ ಒಂದು ಗಂಟೆಯೂ ಇಲ್ಲದ ವಿಮಾನ. ಇಲ್ಲವೇ ಪಿರೇಯಸ್ ಬಂದರಿನಿಂದ ರಾತ್ರಿಯಿಡೀ ಸಾಗುವ ಹಡಗು. ಹಡಗೇ ನನ್ನ ಶಿಫಾರಸು. ಒಂದು ಹೋಟೆಲ್ ರಾತ್ರಿಯ ಖರ್ಚೂ ಉಳಿಯುತ್ತದೆ.

ಇಷ್ಟೆಲ್ಲ ಆದಮೇಲೂ ಜನ ಎಡವುವುದು ತಿಂಗಳು ಆರಿಸುವುದರಲ್ಲಿ. ಮಳೆಗಾಲ ಬೇಡ, ಜೂನ್‌ನಿಂದ ಸೆಪ್ಟೆಂಬರ್ ಬಿಡೋಣ, ಚಳಿಗಾಲದಲ್ಲಿ ಹಿತವಾಗಿರುತ್ತದೆ, ಡಿಸೆಂಬರ್‌ನಲ್ಲಿ ಹೋಗೋಣ ಎಂದು ಲೆಕ್ಕ ಹಾಕುತ್ತಾರೆ. ಇದು ಬಳ್ಳಾರಿಯ ಪಂಚಾಂಗ. ಇರಾಕ್ಲಿಯೊದಲ್ಲೂ ಬಳ್ಳಾರಿಯಲ್ಲೂ ವರ್ಷದ ಮಳೆ ಐನೂರು ಮಿಲಿಮೀಟರ್‌ನ ಆಸುಪಾಸು. ಆದರೆ ನಮಗೆ ಬೀಳುವ ತಿಂಗಳಲ್ಲಿ ಅವರಿಗಿಲ್ಲ, ಅವರಿಗೆ ಬೀಳುವ ತಿಂಗಳಲ್ಲಿ ನಮಗಿಲ್ಲ. ಜುಲೈ, ಆಗಸ್ಟ್‌ನಲ್ಲಿ ಅಲ್ಲಿ ಒಂದು ಹನಿಯೂ ಬೀಳದ ವರ್ಷಗಳೇ ಹೆಚ್ಚು. ಡಿಸೆಂಬರ್, ಜನವರಿ ಅಲ್ಲಿನ ಮಳೆಗಾಲ. ಬೆಟ್ಟದ ತಲೆಯಲ್ಲಿ ಹಿಮ. ದಕ್ಷಿಣ ದಂಡೆಯ ಹೋಟೆಲುಗಳ ಬಾಗಿಲಿಗೆ ಬೀಗ.

ಏಕೆ ಹೀಗೆ? ಶಾಲೆಯಲ್ಲಿ ಕಲಿತ ಉತ್ತರ ಸರಿಯಾದದ್ದೇ. ಭೂಮಿಯ ಸುತ್ತ ಸುಮಾರು ಮೂವತ್ತು ಡಿಗ್ರಿ ಅಕ್ಷಾಂಶದ ಆಚೀಚೆ ಗಾಳಿ ಮೇಲಿನಿಂದ ಕೆಳಗಿಳಿಯುವ ಪಟ್ಟಿಯೊಂದಿದೆ. ಇಳಿಯುವ ಗಾಳಿ ಒತ್ತಡಕ್ಕೆ ಸಿಕ್ಕಿ ಬಿಸಿಯಾಗುತ್ತದೆ, ಪ್ರತಿ ಕಿಲೋಮೀಟರಿಗೆ ಹತ್ತು ಡಿಗ್ರಿಯ ಹತ್ತಿರ. ಬಿಸಿಯಾದ ಗಾಳಿಯಲ್ಲಿ ಮೋಡ ಕರಗುತ್ತದೆ. ಬೇಸಿಗೆಯಲ್ಲಿ ಸೂರ್ಯನ ಜೊತೆ ಈ ಪಟ್ಟಿ ಉತ್ತರಕ್ಕೆ ಸರಿದು 35 ಡಿಗ್ರಿಯಲ್ಲಿರುವ ಕ್ರೀಟನ್ನು ಮುಚ್ಚುತ್ತದೆ. ಚಳಿಗಾಲದಲ್ಲಿ ದಕ್ಷಿಣಕ್ಕೆ ಹೋದಾಗ ಪಡುವಣ ಗಾಳಿ ಮಳೆಯ ಸುಳಿಗಳನ್ನು ಹೊತ್ತು ತರುತ್ತದೆ.

ಆದರೆ ಇಷ್ಟರಿಂದ ಲೆಕ್ಕ ಪೂರ್ತಿ ಹೊಂದುವುದಿಲ್ಲ. ಪೂರ್ವ ಮೆಡಿಟರೇನಿಯನ್ನಿನ ಬೇಸಿಗೆ ಇರಬೇಕಾದ್ದಕ್ಕಿಂತಲೂ ಒಣ. 1996ರಲ್ಲಿ ಮಾರ್ಕ್ ರಾಡ್‌ವೆಲ್ ಮತ್ತು ಬ್ರಯಾನ್ ಹಾಸ್ಕಿನ್ಸ್ ಎಂಬ ಇಬ್ಬರು ಹವಾಮಾನ ವಿಜ್ಞಾನಿಗಳು ಇದಕ್ಕೊಂದು ಕಾರಣ ಮುಂದಿಟ್ಟರು. ಆ ಆಕಾಶವನ್ನು ಒಣಗಿಸುವುದರಲ್ಲಿ ಭಾರತದ ಮುಂಗಾರಿನ ಕೈವಾಡವಿದೆ ಎಂದರು. ಈ ಮಾತು ಹೇಳುವಾಗೆಲ್ಲ ನನ್ನ ದನಿ ಸ್ವಲ್ಪ ಏರುತ್ತದೆ, ಕ್ಷಮಿಸಿ.

ಮೊದಲು ಮಳೆಯನ್ನು ಶಾಖವಾಗಿ ನೋಡಬೇಕು. ನೀರು ಆವಿಯಾಗಲು ಶಾಖ ಹೀರುತ್ತದೆ; ಆವಿ ಹನಿಯಾದಾಗ ಅಷ್ಟೇ ಶಾಖವನ್ನು ಗಾಳಿಗೆ ಬಿಟ್ಟುಕೊಡುತ್ತದೆ. ಒಂದು ಲೀಟರಿಗೆ ವಿದ್ಯುತ್ತಿನ ಲೆಕ್ಕದಲ್ಲಿ ಸುಮಾರು 0.7 ಯೂನಿಟ್. ಒಂದು ಚದರ ಕಿ.ಮೀ. ಮೇಲೆ ಒಂದು ಸೆಂಟಿಮೀಟರ್ ಮಳೆ ಬಿದ್ದರೆ ಅದು ಒಂದು ಕೋಟಿ ಲೀಟರ್, ಅಂದರೆ 70 ಲಕ್ಷ ಯೂನಿಟ್. ಕುಡತಿನಿಯ ನಮ್ಮ ಶಾಖೋತ್ಪನ್ನ ವಿದ್ಯುತ್ ಕೇಂದ್ರದ ಮೂರೂ ಘಟಕಗಳು, ಒಟ್ಟು 1,700 ಮೆಗಾವಾಟ್, ಪೂರ್ತಿ ಬಲದಲ್ಲಿ ನಾಲ್ಕು ಗಂಟೆ ಓಡಿದರೆ ಬರುವಷ್ಟು. ಇದು ಬರೀ ಒಂದು ಚದರ ಕಿಲೋಮೀಟರಿನ ಕಥೆ. ಜುಲೈನಲ್ಲಿ ಬಂಗಾಳ ಕೊಲ್ಲಿಯ ತಲೆಭಾಗದಿಂದ ಗಂಗಾ ಬಯಲಿನವರೆಗೆ ಲಕ್ಷಾಂತರ ಚದರ ಕಿ.ಮೀ. ಮೇಲೆ ಮಳೆ ಸುರಿಯುವಾಗ ಆಕಾಶದ ನಡುಮಟ್ಟದಲ್ಲಿ ಎಂಥ ಕುಲುಮೆ ಹೊತ್ತಿರುತ್ತದೆ, ಊಹಿಸಿಕೊಳ್ಳಿ.

ಇಲ್ಲಿ ಕೇಳುಗರು ಒಂದು ಹೆಜ್ಜೆ ತಪ್ಪು ಇಡುತ್ತಾರೆ. ಇಲ್ಲಿ ಮೇಲೇರಿದ ಗಾಳಿಯೇ ಪಶ್ಚಿಮಕ್ಕೆ ಹರಿದುಹೋಗಿ ಕ್ರೀಟ್ ಮೇಲೆ ಇಳಿಯುತ್ತದೆ ಎಂದುಕೊಳ್ಳುತ್ತಾರೆ. ಬಳ್ಳಾರಿಯಿಂದ ಕ್ರೀಟ್‌ಗೆ ನೇರ ದಾರಿ ಸುಮಾರು 5,600 ಕಿ.ಮೀ. ಅಷ್ಟು ದೂರ ಸಾಗುವುದು ಗಾಳಿಯಲ್ಲ, ಅಲೆ. ಕುಲುಮೆಯ ಶಾಖ ಮೇಲ್ಮಟ್ಟದ ವಾಯುಮಂಡಲದಲ್ಲಿ ಒಂದು ಏರುಪೇರು ಎಬ್ಬಿಸುತ್ತದೆ. ಭೂಮಿ ತಿರುಗುತ್ತಿರುವುದರಿಂದ ಆ ಏರುಪೇರು ಪಶ್ಚಿಮದ ಕಡೆಗೆ ಹರಡುತ್ತದೆ. ಇದಕ್ಕೆ ರಾಸ್‌ಬಿ ಅಲೆ ಎಂದು ಹೆಸರು. ಅದು ಬೆಚ್ಚನೆಯ ಗಾಳಿಯನ್ನು ಪಶ್ಚಿಮದಲ್ಲೊಂದು ಗುಡ್ಡೆಯಾಗಿ ನಿಲ್ಲಿಸುತ್ತದೆ. ಯುರೋಪಿನ ಮೇಲಿಂದ ಬರುವ ಪಡುವಣ ಗಾಳಿ ಆ ಗುಡ್ಡೆಯ ಅಂಚಿಗೆ ಬಂದಾಗ ಇಳಿಜಾರಿನಲ್ಲಿ ಜಾರಿ ಕೆಳಗಿಳಿಯುತ್ತದೆ. ಇಳಿಯುವ ಗಾಳಿ ಅಲ್ಲಿಯದೇ. ಇಳಿಯುವಂತೆ ಮಾಡಿದ್ದು ಇಲ್ಲಿಯ ಮಳೆ. ರಾಡ್‌ವೆಲ್, ಹಾಸ್ಕಿನ್ಸ್ ತಮ್ಮ ಗಣಕ ಮಾದರಿಯಲ್ಲಿ ಈ ಶಾಖವನ್ನು ಸಮಭಾಜಕದ ಹತ್ತಿರ ಇಟ್ಟಾಗ ಇಳಿಗಾಳಿ ದುರ್ಬಲವಾಗಿತ್ತು. ಮುಂಗಾರು ಮುಂದುವರಿದಂತೆ ಉತ್ತರಕ್ಕೆ ಸರಿಸಿದಾಗ ಬಲವಾಯಿತು. ಮುಂಗಾರೊಂದೇ ಕಾರಣವಲ್ಲ, ಇಳಿಗಾಳಿಯ ಪಟ್ಟಿ ಹೇಗೂ ಇದೆ; ಮುಂಗಾರು ಅದನ್ನು ಗಟ್ಟಿ ಮಾಡುತ್ತದೆ. ಇದರಲ್ಲಿ ಬಳ್ಳಾರಿಯ ಪಾಲು ಎಷ್ಟು ಎಂದು ಕೇಳಬೇಡಿ. ಘಟ್ಟದ ಮಳೆ ನೆರಳಿನಲ್ಲಿ ಕುಳಿತ ನಮ್ಮದು ಪುಡಿಗಾಸು.

ಗಾಳಿಯೂ ಇದೇ ನಂಟಿನದು. ಜುಲೈ, ಆಗಸ್ಟ್‌ನಲ್ಲಿ ಏಜಿಯನ್ ಸಮುದ್ರದ ಮೇಲೆ ಉತ್ತರದಿಂದ ಮೆಲ್ತೆಮಿ ಎಂಬ ಒಣಗಾಳಿ ದಿನಗಟ್ಟಲೆ ಬೀಸುತ್ತದೆ. ಜೋರಾದಾಗ ಹಡಗುಗಳು ಬಂದರು ಬಿಡುವುದಿಲ್ಲ. ವಾಯವ್ಯ ಭಾರತ, ಪಾಕಿಸ್ತಾನದ ಮೇಲೆ ಬೇಸಿಗೆಯಲ್ಲಿ ನೆಲೆಸುವ ಕಡಿಮೆ ಒತ್ತಡ ಇರಾನ್ ದಾಟಿ ಟರ್ಕಿಯವರೆಗೆ ಚಾಚಿರುತ್ತದೆ. ಅದರ ಪಶ್ಚಿಮ ಅಂಚಿನಲ್ಲಿ ಬೀಸುವುದು ಮೆಲ್ತೆಮಿ, ದಕ್ಷಿಣ ಅಂಚಿನಲ್ಲಿ ಬೀಸುವುದು ನಮ್ಮ ಆಷಾಢದ ಗಾಳಿ. ಚಳಿಗಾಲದಲ್ಲಿ ಅವರು ಸಾಲ ತೀರಿಸುತ್ತಾರೆ. ಮೆಡಿಟರೇನಿಯನ್ ಕಡೆಯಿಂದ ಪೂರ್ವಕ್ಕೆ ಹೊರಟ ಮಳೆಸುಳಿಗಳೇ ಪಂಜಾಬಿನ ಗೋಧಿಗೆ ಜನವರಿಯ ಮಳೆ ತರುತ್ತವೆ.

ಈಗ ಟಿಕೆಟ್. ಮಕ್ಕಳಿರುವ ಮನೆಗೆ ಎರಡೇ ರಜೆ: ಬೇಸಿಗೆಯದು, ದಸರೆಯದು. ಏಪ್ರಿಲ್–ಮೇನಲ್ಲಿ ಬಳ್ಳಾರಿ ಗುಡ್ಡ ಕಾದ ಹೆಂಚಾಗಿರುವಾಗ ಅಲ್ಲಿ ಬೆಟ್ಟದ ತುಂಬ ಹೂ, ನಡೆಯುವವರಿಗೆ ಸೊಗಸು. ಆದರೆ ಸಮುದ್ರಕ್ಕೆ ಇಳಿದವರು ಕಿರುಚುತ್ತಾರೆ. ನೆಲ ಬೇಗ ಕಾದು ಬೇಗ ಆರುತ್ತದೆ. ಸಮುದ್ರದಲ್ಲಿ ಬಿಸಿಲಿನ ಶಾಖ ಆಳಕ್ಕೆ ಬೆರೆಯುವುದರಿಂದ ಅದು ಕಾಯುವುದೂ ನಿಧಾನ, ಆರುವುದೂ ನಿಧಾನ. ಫೆಬ್ರವರಿ–ಮಾರ್ಚ್‌ನಲ್ಲಿ 16 ಡಿಗ್ರಿಗೆ ಇಳಿದ ನೀರು ಮೇ ಹೊತ್ತಿಗೆ ಇಪ್ಪತ್ತರ ಹತ್ತಿರ ಬಂದಿರುತ್ತದೆ, ಅಷ್ಟೇ. ಅಕ್ಟೋಬರ್‌ನಲ್ಲಿ ಬಿಸಿಲಿನ ಉರಿ ಇಳಿದಿದ್ದರೂ ನೀರು ಇನ್ನೂ 22–23ರಲ್ಲಿ ನಿಂತಿರುತ್ತದೆ. ಮೆಲ್ತೆಮಿ ಅಡಗಿದೆ, ಮಳೆ ಇನ್ನೂ ಗಟ್ಟಿಯಾಗಿ ಹಿಡಿದಿಲ್ಲ, ಆಗಸ್ಟಿನ ಗದ್ದಲವಿಲ್ಲ. 16 ಕಿ.ಮೀ. ಉದ್ದದ ಸಮಾರಿಯಾ ಕಣಿವೆ ಮೇಯಿಂದ ಅಕ್ಟೋಬರ್‌ವರೆಗೆ ತೆರೆದಿರುತ್ತದೆ. ಇಳಿದ ಮೇಲೆ ರಸ್ತೆಯೇ ಇಲ್ಲ, ದೋಣಿ ಹಿಡಿದು ಬರಬೇಕು. ದೋಣಿಯ ವೇಳೆ ನೋಡಿಕೊಂಡೇ ನಡೆಯಿರಿ. ಒಟ್ಟಿನಲ್ಲಿ ದಸರೆಗೇ ನನ್ನ ಮತ.

ಮನೆಯ ಹಿರಿಯರ ಚಿಂತೆ ಊಟದ್ದು. ಅಲ್ಲಿನ ಸಾಂಪ್ರದಾಯಿಕ ಕ್ರೈಸ್ತರಿಗೆ ಉಪವಾಸದ ದಿನಗಳು ಬಹಳ, ಹಾಗಾಗಿ ಮಾಂಸ, ಹಾಲು, ಮೊಟ್ಟೆ ಇಲ್ಲದ ಅಡುಗೆ ಊರೂರಲ್ಲೂ ಗೊತ್ತು. 'ನಿಸ್ತಿಸಿಮೊ' ಎಂದು ಕೇಳಿದರೆ ಬೇಯಿಸಿದ ಸೊಪ್ಪು, ದೊಡ್ಡ ಅವರೆಯಂಥ ಕಾಳು, ಅಕ್ಕಿ ತುಂಬಿದ ದ್ರಾಕ್ಷಿ ಎಲೆ ಬರುತ್ತವೆ. ಆದರೆ ಸೀಗಡಿ, ಆಕ್ಟೋಪಸ್‌ಗಳಿಗೆ ಅವರ ಉಪವಾಸದಲ್ಲಿ ಅಡ್ಡಿಯಿಲ್ಲ. ಅದನ್ನು ಬೇರೆಯಾಗಿ ಕೇಳಿಕೊಳ್ಳಬೇಕು.

ನೋಡುವ ಜಾಗಗಳ ಪಟ್ಟಿ ಎಲ್ಲ ಮಾರ್ಗದರ್ಶಿಗಳಲ್ಲೂ ಇದೆ. ಆರ್ಥರ್ ಇವಾನ್ಸ್ 1900ರಲ್ಲಿ ಅಗೆಯತೊಡಗಿದ ಕ್ನೊಸೊಸ್ ಅರಮನೆಯನ್ನು ಯಾರೂ ಬಿಡುವುದಿಲ್ಲ. ಹಂಪಿಯ ಮಗ್ಗುಲಲ್ಲಿ ಬೆಳೆದವರು ಇರಾಕ್ಲಿಯೊದ ವೆನಿಸ್ ಕಾಲದ ಕೋಟೆಗೋಡೆಯ ಮೇಲೂ ಒಂದು ಸಂಜೆ ನಡೆಯಲಿ. 1420ರ ಸುಮಾರಿಗೆ ವಿಜಯನಗರಕ್ಕೆ ಬಂದ ನಿಕೊಲೊ ಕೊಂಟಿ ವೆನಿಸ್ ಸೀಮೆಯವನು. ಆಗ ಕ್ರೀಟ್ ಕೂಡ ವೆನಿಸ್‌ನ ಕೈಯಲ್ಲಿತ್ತು.

ಕೊನೆಗೆ ಒಂದು ಕೋರಿಕೆ. ಒಂದೇ ಗ್ರಾಫ್ ಹಾಳೆಯಲ್ಲಿ ಬಳ್ಳಾರಿ ಮತ್ತು ಇರಾಕ್ಲಿಯೊದ ತಿಂಗಳವಾರು ಮಳೆಯನ್ನು ಮಕ್ಕಳಿಂದ ಬರೆಸಿ. ಹನ್ನೆರಡು ಚುಕ್ಕಿ, ಎರಡು ಬಣ್ಣ, ಅರ್ಧ ಗಂಟೆಯ ಕೆಲಸ. ಅದಕ್ಕಿಂತ ದೊಡ್ಡದು ಕಾಲೇಜಿನವರಿಗೆ. ಭಾರತದಲ್ಲಿ ಮುಂಗಾರು ಕೈಕೊಟ್ಟ 2002, 2009ರಂಥ ವರ್ಷಗಳನ್ನು ಒಂದು ಕಡೆ, ಚೆನ್ನಾಗಿ ಸುರಿದ ವರ್ಷಗಳನ್ನು ಇನ್ನೊಂದು ಕಡೆ ಇಟ್ಟು, ಆ ಬೇಸಿಗೆಗಳಲ್ಲಿ ಕ್ರೀಟ್‌ನ ಗಾಳಿ, ಬಿಸಿಲು ಹೇಗಿದ್ದವು ಎಂದು ಹೋಲಿಸಬೇಕು. ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯದ ವಿದ್ಯಾರ್ಥಿ ಯಾರಾದರೂ ಕೈಹಾಕಿದರೆ, ಆ ಹೋಲಿಕೆಗೆ ಈ ಹೊತ್ತಿಗೆಯ ಮುಂದಿನ ಮುದ್ರಣದಲ್ಲಿ ಒಂದು ಪುಟ ಖಾಲಿ ಬಿಟ್ಟಿರುತ್ತೇನೆ.