ಫಂಕ್ಷನ್ ಎಲ್ಲಿಗೂ ಹೋಗಿಲ್ಲ

"ಸರ್ರ, ಕ್ಯೂಜಿಐಎಸ್ ಕೆಟ್ಟೈತ್ರಿ. ಮೂರು ಸಲ ತೆಗೆದು ಹಾಕೀನಿ, ಎಕರೆ-ಗುಂಟೆ ಫಂಕ್ಷನ್ ಬರವಲ್ದು."

ಬಳಗಾನೂರಿನಿಂದ ಫೋನು. ತುಂಗಭದ್ರಾ ಎಡದಂಡೆ ಕಾಲುವೆಯ ಗದ್ದೆಗಳ ನಕ್ಷೆ ಮಾಡುವ ಹುಡುಗ. ನಾನು ಕೇಳಿದ್ದು ಒಂದೇ ಮಾತು: "ಲ್ಯಾಪ್‌ಟಾಪ್ ಹೊಸದೇನಪಾ?"

"ಹೌದ್ರಿ."

ಕಥೆ ಅಲ್ಲೇ ಮುಗಿಯಬೇಕಿತ್ತು, ಮುಗಿಯಲಿಲ್ಲ. ಕ್ಯೂಜಿಐಎಸ್ ನಕ್ಷೆ ಮಾಡುವ ಪುಕ್ಕಟೆ ಸಾಫ್ಟ್‌ವೇರ್, ಅದಕ್ಕೇ ತಾನಾಗಿ ಫಂಕ್ಷನ್ ಕಳೆಯುತ್ತದೆ ಎಂದು ಅವನಿಗೆ ಯಾರೋ ಹೇಳಿದ್ದರು. ತೆಗೆದು ಮತ್ತೆ ಹಾಕಿದರೆ ಬರುತ್ತದೆ ಎಂದೂ ಅವರೇ ಹೇಳಿದ್ದರು. ಎರಡೂ ಸುಳ್ಳು.

ಆ ಫಂಕ್ಷನ್ ಕ್ಯೂಜಿಐಎಸ್‌ನದ್ದೇ ಅಲ್ಲ. ಫಂಕ್ಷನ್ ಎಡಿಟರಿನಲ್ಲಿ ಯಾರೋ ಪೈಥಾನ್‌ನಲ್ಲಿ ಬರೆದುಕೊಟ್ಟದ್ದು. ಬರೆದದ್ದಕ್ಕೆ ಕಾರಣವೂ ಇತ್ತು. 9105 ಚದರ ಮೀಟರನ್ನು 4046.86ರಿಂದ ಭಾಗಿಸಿದರೆ 2.25 ಎಕರೆ. ರೈತ ಅದನ್ನು ಎರಡೆಕರೆ ಇಪ್ಪತ್ತೈದು ಗುಂಟೆ ಎಂದು ಓದಿ ಜಗಳಕ್ಕೆ ನಿಲ್ಲುತ್ತಾನೆ. ಎಕರೆಗೆ 40 ಗುಂಟೆ, ಹಾಗಾಗಿ ಪಹಣಿಯಲ್ಲಿ ಅದೇ ಹೊಲ 2.10.00. ಈ ಲೆಕ್ಕ ಮಾಡುವ ಹತ್ತು ಸಾಲು ಇರುವುದು ಬಳಕೆದಾರನ ಪ್ರೊಫೈಲ್ ಫೋಲ್ಡರಿನೊಳಗೆ, 'ಪೈಥಾನ್', ಅದರೊಳಗೆ 'ಎಕ್ಸ್‌ಪ್ರೆಶನ್ಸ್' ಎಂಬಲ್ಲಿ. ಪ್ರಾಜೆಕ್ಟ್ ಫೈಲ್ ಪೆನ್‌ಡ್ರೈವಿನಲ್ಲಿ ಬಂತು, ಅದರ ಜೊತೆ ಫಂಕ್ಷನ್ನಿನ ಹೆಸರೂ ಬಂತು. ಹೆಸರಿನ ಹಿಂದಿನ ಲೆಕ್ಕ ಹಳೇ ಲ್ಯಾಪ್‌ಟಾಪಿನಲ್ಲೇ ಉಳಿಯಿತು. 'ಈ ಫಂಕ್ಷನ್ ಗೊತ್ತಿಲ್ಲ' ಎಂದು ಸಾಫ್ಟ್‌ವೇರ್ ನಿಜವನ್ನೇ ಹೇಳುತ್ತಿತ್ತು. ಮೂರಲ್ಲ, ಮೂವತ್ತು ಸಲ ತೆಗೆದು ಹಾಕಿದರೂ ಅದಕ್ಕೆ ಗೊತ್ತಾಗುವುದು ಹೇಗೆ? ಒಂದೇ ಯಂತ್ರದಲ್ಲಿ ಹೊಸ ಪ್ರೊಫೈಲ್ ಮಾಡಿಕೊಂಡರೂ ಇದೇ ಹಾಡು.

ಉಳಿದ ನಂಬಿಕೆಗಳಿಗೆ ಒಂದೊಂದು ಮಾತು ಸಾಕು. ಹೆಸರನ್ನು ದೊಡ್ಡಕ್ಷರದಲ್ಲಿ ಬರೆದರೆ ಫಂಕ್ಷನ್ ಸಿಗುವುದಿಲ್ಲವಂತೆ, ಸಿಗುತ್ತದೆ. ಜೋಡಿ ಉದ್ಧರಣ ಚಿಹ್ನೆಯೂ ಒಂಟಿಯೂ ಒಂದೇ ಅಂತೆ; ಅಲ್ಲ, ಜೋಡಿಯೊಳಗಿದ್ದದ್ದು ಕಾಲಂ ಹೆಸರು, ಒಂಟಿಯೊಳಗಿದ್ದದ್ದು ಬರೀ ಪಠ್ಯ. ನಿಜಕ್ಕೂ ಇಲ್ಲದಿರುವ ಸಂದರ್ಭವೂ ಉಂಟು: 'ಓವರ್‌ಲೇ' ಫಂಕ್ಷನ್‌ಗಳು ಬಂದದ್ದು 2020ರ 3.16 ಆವೃತ್ತಿಯಲ್ಲಿ. 3.10 ಇಟ್ಟುಕೊಂಡು ಹುಡುಕಿದರೆ ಕಣ್ಣು ನೋಯುತ್ತದೆ, ಅಷ್ಟೆ.

ನನಗೆ ಸಿಟ್ಟು ಬರುವುದು ಹುಡುಗನ ಮೇಲಲ್ಲ. ಯಾವ ತೊಂದರೆಗೂ 'ಫಾರ್ಮ್ಯಾಟ್ ಹೊಡಿ' ಎನ್ನುವ ನಮ್ಮ ಊರೂರ ಪಂಡಿತರ ಮೇಲೆ. ಕೆಂಪಕ್ಷರದಲ್ಲಿ ಬಂದ ಒಂದು ಸಾಲನ್ನು ಓದುವ ತಾಳ್ಮೆ ಯಾರಿಗೂ ಇಲ್ಲ, ವೈರಸ್ ಎಂದರೆ ಮಾತ್ರ ತಕ್ಷಣ ನಂಬುತ್ತಾರೆ. ದೆವ್ವ ಬಿಡಿಸುವವನ ಹತ್ತಿರ ಹೋದಂತೆ ಲ್ಯಾಪ್‌ಟಾಪ್ ಎತ್ತಿಕೊಂಡು ಹೋಗುತ್ತಾರೆ.

"ಹಳೇದನ್ನ ಏನ್ ಮಾಡಿದಿ?" ಎಂದೆ.

"ತಮ್ಮಗ ಕೊಟ್ಟೀನ್ರಿ. ನಾಳೆ ಫಾರ್ಮ್ಯಾಟ್ ಮಾಡಸ್ತಾನ."

ಹಳೇದರಲ್ಲಿ ಕ್ಯೂಜಿಐಎಸ್ ತೆರೆದು ಸೆಟ್ಟಿಂಗ್ಸ್, ಯೂಸರ್ ಪ್ರೊಫೈಲ್ಸ್, ಓಪನ್ ಆಕ್ಟಿವ್ ಪ್ರೊಫೈಲ್ ಫೋಲ್ಡರ್. ಎಕ್ಸ್‌ಪ್ರೆಶನ್ಸ್ ಫೋಲ್ಡರಿನ ಫೈಲನ್ನು ಇವತ್ತೇ ಕಾಪಿ ಮಾಡಿಕೊ ಎಂದೆ. ತಮ್ಮ ಅದನ್ನು ಅಂಗಡಿಗೆ ಒಯ್ಯುವ ಮುಂಚೆ.