ಪಾಲ್ ಹಾಲಾದ ಬಗೆ: ಹಳಗನ್ನಡ–ಹೊಸಗನ್ನಡಗಳ ನಂಟು

ಹತ್ತನೆಯ ತರಗತಿಯ ಬಾಲಕನೊಬ್ಬನು ಒಮ್ಮೆ ಎದ್ದು ನಿಂತು, "ಇದೂ ಕನ್ನಡವೇ ಆಗಿದ್ದರೆ ನಮಗೇಕೆ ಅರ್ಥವಾಗುವುದಿಲ್ಲ ಸಾರ್?" ಎಂದು ಕೇಳಿದನು. ಹಳಗನ್ನಡ ಪದ್ಯವೊಂದರ ಅನ್ವಯ ಹೇಳುತ್ತಿದ್ದ ನಾನು, "ಮೊದಲು ಬಾಯಿಪಾಠ ಮಾಡು" ಎಂದು ಗದರಿಸಿ ಕೂರಿಸಿದೆನು. ಆ ಪ್ರಶ್ನೆ ಗದರಿಕೆಗಲ್ಲ, ಉತ್ತರಕ್ಕೇ ಅರ್ಹವಾಗಿತ್ತೆಂದು ನನಗೆ ಮನದಟ್ಟಾದುದು ಬಹುಕಾಲದ ಮೇಲೆ, ಲ್ಯಾಟಿನ್ ಮತ್ತು ಸ್ಪ್ಯಾನಿಷ್ ಭಾಷೆಗಳ ಸಂಬಂಧವನ್ನು ಕುರಿತು ಓದುತ್ತಿದ್ದಾಗ. ಈ ಬರಹವನ್ನು ಆ ಬಾಲಕನಿಗೆ ತಡವಾಗಿ ಸಲ್ಲಿಸುವ ಉತ್ತರವೆಂದು ವಾಚಕರು ಭಾವಿಸಬೇಕಾಗಿ ಪ್ರಾರ್ಥನೆ.

ಕ್ರಿ.ಪೂ. 218ರಲ್ಲಿ ರೋಮನ್ನರ ಸೈನ್ಯ ಇಂದಿನ ಸ್ಪೇನಿನ ನೆಲಕ್ಕೆ ಕಾಲಿಟ್ಟಿತು. ಸೈನಿಕರೂ ವರ್ತಕರೂ ತಂದ ಲ್ಯಾಟಿನ್ ಆ ನಾಡಿನ ಜನರ ಬಾಯಲ್ಲಿ ನೆಲೆಗೊಂಡು, ತಲೆಮಾರಿನಿಂದ ತಲೆಮಾರಿಗೆ ಸವೆಯುತ್ತ ಬೆಳೆಯುತ್ತ ಸ್ಪ್ಯಾನಿಷ್ ಆಯಿತು. ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಸ್ಪ್ಯಾನಿಷ್ ಹುಟ್ಟಿದುದು ಸಿಸೆರೋವಿನಂಥ ವಾಗ್ಮಿಗಳ ಗ್ರಾಂಥಿಕ ಲ್ಯಾಟಿನ್ನಿನಿಂದಲ್ಲ. ಸಂತೆಯಲ್ಲಿ, ಹೊಲದಲ್ಲಿ, ಅಡುಗೆಮನೆಯಲ್ಲಿ ಆಡುತ್ತಿದ್ದ ಲ್ಯಾಟಿನ್ನಿನಿಂದ. ನಾವು ಇಂದು ಆಡುವ ಕನ್ನಡವೂ ಹಾಗೆಯೇ ಪಂಪನ ಕಾವ್ಯದಿಂದ ಇಳಿದು ಬಂದುದಲ್ಲ. ಪಂಪನ ಕಾಲದಲ್ಲಿ ಊರ ಜನ ಆಡುತ್ತಿದ್ದ ನುಡಿಯಿಂದ ಬಂದುದು.

ಈ ಎರಡು ಚರಿತ್ರೆಗಳಲ್ಲಿ ಒಂದು ಸೋಜಿಗದ ಸಾಮ್ಯವಿದೆ. ಲ್ಯಾಟಿನ್ನಿನಲ್ಲಿ ಹಿಟ್ಟಿಗೆ 'ಫರೀನ', ಒಲೆಗೆ 'ಫುರ್ನುಸ್', ಮಗನಿಗೆ 'ಫಿಲಿಯುಸ್' ಎನ್ನುತ್ತಿದ್ದರು. ಸ್ಪ್ಯಾನಿಷಿನಲ್ಲಿ ಪದಾದಿಯ ಈ ಫಕಾರ ಹಕಾರವಾಯಿತು. ಕಾಲಕ್ರಮದಲ್ಲಿ ಆ ಹಕಾರವೂ ಬಾಯಿಂದ ಜಾರಿಹೋಯಿತು. ಈಗ ಬರವಣಿಗೆಯಲ್ಲಿ ಹಕಾರದ ಅಕ್ಷರ ಉಳಿದಿದ್ದರೂ ಉಚ್ಚಾರಣೆ 'ಅರೀನ', 'ಓರ್ನೊ', 'ಈಹೊ' ಎಂದೇ. ಅದೇ ತಾಯಿಯ ಮಕ್ಕಳಾದ ಇಟಾಲಿಯನ್, ಫ್ರೆಂಚ್, ಪೋರ್ಚುಗೀಸ್ ಭಾಷೆಗಳು ಫಕಾರವನ್ನು ಬಿಡಲಿಲ್ಲ. ಇಟಲಿಯವರು ಇಂದಿಗೂ 'ಫರೀನ' ಎನ್ನುತ್ತಾರೆ.

ಕನ್ನಡದ ಕಡೆಗೆ ತಿರುಗೋಣ. ಹಳಗನ್ನಡದ ಪಾಲ್, ಪುಲಿ, ಪೂ, ಪತ್ತು, ಪೆಸರ್ ಇವು ನಮಗೆ ಹಾಲು, ಹುಲಿ, ಹೂ, ಹತ್ತು, ಹೆಸರು. ತಮಿಳಿನಲ್ಲಿಯೂ ತೆಲುಗಿನಲ್ಲಿಯೂ ಹುಲಿ ಇನ್ನೂ ಪುಲಿಯೇ. ಸೋದರಿಯರು ಕಾಪಾಡಿಕೊಂಡ ಪಕಾರವನ್ನು ಕನ್ನಡ ಹಕಾರಕ್ಕೆ ಬಿಟ್ಟುಕೊಟ್ಟಿತು. ಈ ಬದಲಾವಣೆ ಸುಮಾರು 10ನೆಯ ಶತಮಾನದಿಂದ ಶಾಸನಗಳಲ್ಲಿ ತಲೆದೋರಿ, 14ನೆಯ ಶತಮಾನದ ವೇಳೆಗೆ ಬಹುಮಟ್ಟಿಗೆ ಮುಗಿಯಿತು. ರಾಜವಂಶಗಳ ಹೆಸರೂ ಇದರಿಂದ ಹೊರತಾಗಲಿಲ್ಲ. ನಮ್ಮ ತಿರುಮಕೂಡಲು ನರಸೀಪುರ ತಾಲ್ಲೂಕಿನ ಸೋಮನಾಥಪುರದಲ್ಲಿ ಕೇಶವ ದೇವಾಲಯ ಎದ್ದುದು ಯಾರ ಆಳ್ವಿಕೆಯಲ್ಲೋ ಆ ಹೊಯ್ಸಳರು ಹಿಂದಿನ ಶಾಸನಗಳಲ್ಲಿ ಪೊಯ್ಸಳರು. ಸಂಸ್ಕೃತದಿಂದ ಮೊದಲೇ ಬಂದು ನೆಲೆಸಿದ್ದ ಪದಗಳೂ ಇದೇ ದಾರಿ ಹಿಡಿದವು: ಪರ್ವ ಪಬ್ಬವಾಗಿ ಹಬ್ಬವಾಯಿತು, ಪುಸ್ತಕ ಪೊತ್ತಗೆಯಾಗಿ ಹೊತ್ತಗೆಯಾಯಿತು. ತತ್ಸಮವಾಗಿಯೇ ಉಳಿದ ಪಾಪ, ಪುಣ್ಯ, ಪೂಜೆಗಳು ಪಕಾರವನ್ನು ಉಳಿಸಿಕೊಂಡವು. ಅಪ್ಪ, ಉಪ್ಪು, ತಪ್ಪುಗಳಲ್ಲಿನ ಒತ್ತಕ್ಷರ ಅಲುಗಲೇ ಇಲ್ಲ.

ಇನ್ನು, ನಂಜನಗೂಡಿನ ರಸಬಾಳೆಯನ್ನು ನೋಡಿ. ಹಳಗನ್ನಡದಲ್ಲಿ ಅದು 'ಬಾೞೆ'. ತಮಿಳರು 'ವಾೞೈ' ಎನ್ನುವಾಗ ಕೇಳುವ ಆ ೞಕಾರ ಕನ್ನಡದಲ್ಲಿ ಅಳಿದು, ಮೞೆ ಮಳೆಯಾಯಿತು, ಕೋೞಿ ಕೋಳಿಯಾಯಿತು, ಪುೞು ಹುಳುವಾಯಿತು.

ಸ್ಪ್ಯಾನಿಷಿನಲ್ಲಿ ಹಕಾರ ಜಾರಿದಂತೆ ಕನ್ನಡದಲ್ಲಿಯೂ ಜಾರಿದೆಯೇ? ದೇವನೂರಿನ ಆಸುಪಾಸಿನ ಯಾವ ಹಳ್ಳಿಯ ಜಗಲಿಯಲ್ಲಿ ಕುಳಿತರೂ ಉತ್ತರ ಸಿಗುತ್ತದೆ. ಅಲ್ಲಿ ಹಾಲು 'ಆಲು', ಹುಲಿ 'ಉಲಿ', ಹೋಗು 'ಓಗು'. ಪಾಲ್, ಹಾಲು, ಆಲು ಎಂಬ ಮೂರು ಮೆಟ್ಟಿಲುಗಳಲ್ಲಿ ಗ್ರಂಥಸ್ಥ ಕನ್ನಡ ಎರಡನೆಯದರಲ್ಲಿ ನಿಂತಿದೆ, ನಮ್ಮ ರೈತನ ಬಾಯಿ ಮೂರನೆಯದಕ್ಕೆ ಇಳಿದಿದೆ. ಹೀಗಿದ್ದೂ ನಾನು ವರ್ಷಾನುಗಟ್ಟಲೆ 'ಆಲು' ಎಂದು ಬರೆದ ಮಕ್ಕಳ ಪುಸ್ತಕಗಳಿಗೆ ಕೆಂಪು ಮಸಿ ಸುರಿದೆನು. ಕೆಲವರನ್ನು ತರಗತಿಯ ಎದುರು ನಿಲ್ಲಿಸಿ ಹತ್ತು ಸಲ ಹೇಳಿಸಿದೆನು. ಬರವಣಿಗೆಗೆ ಒಂದು ಶಿಷ್ಟ ರೂಪ ಬೇಕು, ಅದನ್ನು ಕಲಿಸಲೇಬೇಕು. ಈ ಮಾತಿಗೆ ನಾನು ಇಂದಿಗೂ ಬದ್ಧನಾಗಿದ್ದೇನೆ. ಆದರೆ ಮಗುವಿನ ತಾಯಿಯ ಮಾತನ್ನು ನಗೆಪಾಟಲು ಮಾಡಿದುದಕ್ಕೆ ನನ್ನಲ್ಲಿ ಸಮರ್ಥನೆ ಇಲ್ಲ. ದೇವನೂರ ಮಹಾದೇವ ಅವರ 'ಕುಸುಮಬಾಲೆ' (1984) ಈ ಸೀಮೆಯ ಆಡುಮಾತಿನಲ್ಲಿಯೇ ಕಥೆ ಹೇಳಿ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದಾಗ, ನನ್ನ ಕೆಂಪು ಮಸಿ ನನಗೇ ಸ್ವಲ್ಪ ಮುಜುಗರ ತಂದಿತು.

ನನ್ನಂಥ ಉಪಾಧ್ಯಾಯರು ರೋಮಿನಲ್ಲಿಯೂ ಇದ್ದರು. 'ಅಪೆಂಡಿಕ್ಸ್ ಪ್ರೋಬಿ' ಎಂಬ ಪ್ರಾಚೀನ ಪಟ್ಟಿಯೊಂದಿದೆ. ಅದರ ಕರ್ತೃ ಯಾರೋ ಅಜ್ಞಾತ ಪಂಡಿತ. ಇಂತಹ ಪದವನ್ನು ಹೀಗೆ ಹೇಳಬೇಕು, ಹಾಗೆ ಹೇಳಬಾರದು ಎಂದು 200ಕ್ಕೂ ಹೆಚ್ಚು ಜೋಡಿಗಳನ್ನು ಅವನು ಬರೆದಿಟ್ಟಿದ್ದಾನೆ. ಕನ್ನಡಿಗೆ 'ಸ್ಪೆಕುಲುಂ' ಸರಿ, 'ಸ್ಪೆಕ್ಲುಂ' ತಪ್ಪು. ಕಿವಿಗೆ 'ಔರಿಸ್' ಸರಿ, 'ಒರಿಕ್ಲ' ತಪ್ಪು ಎಂಬುದು ಅವನ ತೀರ್ಮಾನ. ಸ್ಪ್ಯಾನಿಷಿನಲ್ಲಿ ಇಂದು ಕನ್ನಡಿಗೆ 'ಎಸ್ಪೇಹೊ', ಕಿವಿಗೆ 'ಒರೇಹ' ಎನ್ನುತ್ತಾರೆ. ಎರಡೂ ಅವನು ತಪ್ಪೆಂದ ರೂಪಗಳ ಸಂತಾನ. ನಮ್ಮ ಕೇಶಿರಾಜನು ಸುಮಾರು 1260ರಲ್ಲಿ 'ಶಬ್ದಮಣಿದರ್ಪಣ'ವನ್ನು ರಚಿಸುವಾಗ ೞಕಾರವುಳ್ಳ ಪದಗಳನ್ನು ಎಣಿಸಿ ಪಟ್ಟಿ ಮಾಡಿದ್ದಾನೆ. ಬಾಯಲ್ಲಿ ನಿಸ್ಸಂದೇಹವಾಗಿ ಬದುಕಿರುವ ಧ್ವನಿಗೆ ಯಾರೂ ಪಟ್ಟಿ ಮಾಡುವುದಿಲ್ಲ. ಅವನ ಕಾಲಕ್ಕಾಗಲೇ ಜನ ಎರಡನ್ನೂ ಬೆರೆಸುತ್ತಿದ್ದರೆಂದು ಊಹಿಸಲು ಈ ಪಟ್ಟಿಯೇ ಸಾಕ್ಷಿ.

ಸಾಮ್ಯ ಇಷ್ಟಿದ್ದರೂ ವ್ಯಾಕರಣದಲ್ಲಿ ದಾರಿಗಳು ಅಗಲುತ್ತವೆ. ಲ್ಯಾಟಿನ್ ನಾಮಪದಕ್ಕೆ ಕನ್ನಡದಂತೆ ವಿಭಕ್ತಿಗಳಿದ್ದುವು. ಆದುದರಿಂದ "ರಾಮನು ಕೃಷ್ಣನನ್ನು ಕಂಡನು" ಎಂಬುದನ್ನು "ಕೃಷ್ಣನನ್ನು ರಾಮನು ಕಂಡನು" ಎಂದು ತಿರುಗಿಸಿದರೂ ನಮಗೆ ಅರ್ಥ ಕೆಡದಂತೆ, ಅವರಿಗೂ ಕೆಡುತ್ತಿರಲಿಲ್ಲ. ಸ್ಪ್ಯಾನಿಷ್ ನಾಮಪದಗಳು ವಿಭಕ್ತಿಯನ್ನು ಕಳೆದುಕೊಂಡುವು. ಆ ಕೆಲಸವನ್ನು ಪದದ ಹಿಂದೆ ನಿಲ್ಲುವ ಬಿಡಿ ಪದಗಳೂ ವಾಕ್ಯದಲ್ಲಿನ ಸ್ಥಾನವೂ ಹೊತ್ತುಕೊಂಡುವು. ಕನ್ನಡವಾದರೋ ವಿಭಕ್ತಿಯ ವಸ್ತ್ರವನ್ನು ಬದಲಿಸಿತೇ ಹೊರತು ಕಳಚಲಿಲ್ಲ: ಮರಮಂ ಮರವನ್ನು ಆಯಿತು, ಮರದಿಂ ಮರದಿಂದ ಆಯಿತು, ಮನೆಯೊಳ್ ಎನ್ನುವಲ್ಲಿ ಮನೆಯಲ್ಲಿ ಬಂದಿತು. ಪದಾಂತ್ಯದಲ್ಲಿ ಸ್ಪ್ಯಾನಿಷ್ ಕತ್ತರಿಸಿದರೆ ಕನ್ನಡ ಕೂಡಿಸಿತು: ಕಣ್ ಕಣ್ಣಾಯಿತು, ನೀರ್ ನೀರಾಯಿತು.

ಕ್ರಿಯಾಪದದಲ್ಲಿ ಮತ್ತೆ ಹೋಲಿಕೆ. ಲ್ಯಾಟಿನ್ನಿನ ಹಳೆಯ ಭವಿಷ್ಯತ್ ರೂಪ ಮರೆಯಾಗಿ, 'ಹಾಡಲು ಇದೆ' ಎಂಬರ್ಥದ 'ಕಂತಾರೆ ಹಬೆಯೊ' ಎಂಬ ಎರಡು ಪದಗಳು ಬೆಸೆದು ಸ್ಪ್ಯಾನಿಷಿನ 'ಕಂತರೇ' (ಹಾಡುವೆನು) ಆಯಿತು. ಹಳಗನ್ನಡದ 'ಮಾಡಿದಪೆಂ' ಎಂಬ ರೂಪವೂ ಹಾಗೆಯೇ ಮರೆಯಾಯಿತು. ನಡುಗನ್ನಡದಲ್ಲಿ 'ಮಾಡುತ್ತ', 'ಇಹೆನು' ಎರಡೂ ಕೂಡಿ 'ಮಾಡುತ್ತಿಹೆನು' ಆಗಿ, ಅದು ಕುಗ್ಗಿ 'ಮಾಡುತ್ತೇನೆ' ಎಂದು ನಮ್ಮ ಕೈಸೇರಿತು.

ಹಾಗಾದರೆ ಲ್ಯಾಟಿನ್–ಸ್ಪ್ಯಾನಿಷ್ ಎರಡು ಭಾಷೆಗಳು, ಹಳಗನ್ನಡ–ಹೊಸಗನ್ನಡ ಒಂದೇ ಭಾಷೆ ಎನ್ನುವುದೇಕೆ? ವ್ಯತ್ಯಾಸದ ಪ್ರಮಾಣ ಒಂದು ಕಾರಣ, ಹೆಸರು ಇನ್ನೊಂದು. ರೋಮನ್ ಸಾಮ್ರಾಜ್ಯ ಒಡೆದ ಮೇಲೆ ಒಂದು ಲ್ಯಾಟಿನ್ ಹಲವು ನಾಡುಗಳಲ್ಲಿ ಹಲವಾಗಿ, ಒಬ್ಬೊಬ್ಬರೂ ಬೇರೆ ಹೆಸರಿಟ್ಟುಕೊಂಡರು. ಸುಮಾರು ಕ್ರಿ.ಶ. 450ರ ಹಲ್ಮಿಡಿ ಶಾಸನದಿಂದ ಇತ್ತ ನಮ್ಮ ನುಡಿಗಾದರೋ ಬರೆಹದ ಪರಂಪರೆ ಎಲ್ಲಿಯೂ ಕಡಿಯಲಿಲ್ಲ, ಕನ್ನಡವೆಂಬ ಹೆಸರೂ ಬಿಡಲಿಲ್ಲ. ಹಾಗೆಂದು ಕವಲು ಒಡೆದೇ ಇಲ್ಲವೆನ್ನುವಂತಿಲ್ಲ. ಮೈಸೂರು ಸೀಮೆಯಿಂದ ನೀಲಗಿರಿಯನ್ನು ಹತ್ತಿದವರೆಂಬ ಐತಿಹ್ಯವುಳ್ಳ ಬಡಗರ ಮಾತನ್ನು ಕೆಲವರು ಕನ್ನಡದ ಉಪಭಾಷೆ ಎನ್ನುತ್ತಾರೆ, ಕೆಲವರು ಸ್ವತಂತ್ರ ಭಾಷೆ ಎನ್ನುತ್ತಾರೆ. ಪ್ರಾಸಂಗಿಕವಾಗಿ ಒಂದು ಮಾತು: ಸಂಸ್ಕೃತವು ಕನ್ನಡದ ತಾಯಿ ಎಂದು ಸಭೆಗಳಲ್ಲಿ ಈಗಲೂ ಕೇಳಿಬರುವುದುಂಟು. ಸಕ್ಕರೆಗೂ ಹತ್ತಿಗೂ ಅರಬ್ಬಿ ಹೆಸರುಗಳನ್ನು ಪಡೆದ ಸ್ಪ್ಯಾನಿಷಿಗೆ ಅರಬ್ಬಿ ತಾಯಿಯಾಗದಂತೆ, ಪದಗಳನ್ನು ಧಾರಾಳವಾಗಿ ಕೊಟ್ಟ ಮಾತ್ರಕ್ಕೆ ಸಂಸ್ಕೃತ ಕನ್ನಡಕ್ಕೆ ತಾಯಿಯಾಗದು.

ಹಳಗನ್ನಡ ಬೋಧಿಸುವ ಕಿರಿಯ ಉಪಾಧ್ಯಾಯರು ಕೇಳಿದರೆ ನಾನು ಸೂಚಿಸುವುದು ಇಷ್ಟೇ. ಪದ್ಯಕ್ಕೆ ಮುನ್ನ ಒಂದು ದಿನ ಪದಗಳ ಆಟವಾಡಿಸಿ. ಪದಾದಿಯ ಪಕಾರಕ್ಕೆ ಹಕಾರ, ೞಕಾರಕ್ಕೆ ಳಕಾರ, ಕೊನೆಗೊಂದು ಉಕಾರ ಇಡಿಸಿ. ಪಗಲ್, ಪೊಲ, ಪುಲ್ ತಾವಾಗಿಯೇ ಬಾಯ್ಬಿಡುತ್ತವೆ. ಬಗ್ಗದ ಪದಗಳನ್ನು ಮನೆಗೆ ಕೊಟ್ಟು ಕಳುಹಿಸಿ, ಅಜ್ಜಿಯನ್ನು ಕೇಳಿ ಬರಲಿ. 'ಪೊೞ್ತು' ಎಂಬ ಪದವನ್ನು ನಿಘಂಟಿನಲ್ಲಿ ಹುಡುಕುವ ನಾವು, ಸೂರ್ಯ ಹುಟ್ಟುವುದನ್ನು ನಮ್ಮ ರೈತರು 'ಒತ್ತು ಮೂಡ್ತು' ಎನ್ನುವುದನ್ನು ದಿನವೂ ಕೇಳುತ್ತೇವೆ. ಮಗು 'ಒತ್ತು' ಎಂದೇ ಬರೆದು ತರುವುದು ಸಹಜ. ಅದರ ಮುಂದೆ 'ಹೊತ್ತು' ಎಂದೂ, ಅದರ ಮುಂದೆ 'ಪೊೞ್ತು' ಎಂದೂ ಬರೆದುಕೊಟ್ಟು ಮೂರನ್ನೂ ಓದಿಸಿ.